ಗುಂಡಿಗಿಂತ ಮೊದಲು ಕಣ್ಣು: ಮ್ಯೂಲ್ ಜಿಂಕೆಯ ಬೇಟೆಯ ಕ್ರಮ

ಉತ್ತರ ಅಮೆರಿಕದ ಪಶ್ಚಿಮ ಭಾಗದ ಬೆಟ್ಟಗಳಲ್ಲಿಯೂ ಕುರುಚಲು ಬಯಲುಗಳಲ್ಲಿಯೂ ವಾಸಿಸುವ ಜಿಂಕೆಯೊಂದಕ್ಕೆ ಮ್ಯೂಲ್ ಡಿಯರ್ ಎಂದು ಹೆಸರು. ಹೇಸರಗತ್ತೆಯದರಂತೆ ಅಗಲವಾದ ಕಿವಿಗಳೇ ಈ ಹೆಸರಿಗೆ ಕಾರಣ. ನಮ್ಮ ಕಡವೆಯ ಕೊಂಬಿನಲ್ಲಿ ಸಾಮಾನ್ಯವಾಗಿ ಮೂರು ಮೊನೆಗಳಿದ್ದರೆ, ಇದರ ಕೊಂಬು ಎರಡಾಗಿ ಕವಲೊಡೆದು, ಆ ಕವಲುಗಳು ಮತ್ತೆ ಎರಡೆರಡಾಗಿ ಸೀಳುತ್ತವೆ. ಬೆದರಿದಾಗ ನಾಲ್ಕೂ ಕಾಲುಗಳನ್ನು ಒಮ್ಮೆಗೇ ನೆಲದಿಂದೆತ್ತಿ ಪುಟಿಯುತ್ತ ಓಡುತ್ತದೆ.

ನಾನು ಹುಟ್ಟಿದ್ದು ಕೊಡಗಿನಲ್ಲಿ. ನೆಲೆಸಿರುವುದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ. ಕೊಲೊರಾಡೊದಲ್ಲಿರುವ ನನ್ನ ಬಂಧುವೊಬ್ಬರು ಪರವಾನಗಿ ಪಡೆದು ಈ ಜಿಂಕೆಯನ್ನು ಬೇಟೆಯಾಡುತ್ತಾರೆ. ಅವರೊಡನೆ ಎರಡು ವರ್ಷ ಶರತ್ಕಾಲದಲ್ಲಿ, ಕೋವಿಯಿಲ್ಲದೆ ದುರ್ಬೀನು ಮಾತ್ರ ಹಿಡಿದು ನಡೆದಿದ್ದೇನೆ. ಈ ಬೇಟೆಯಲ್ಲಿ ಸುಧಾರಿಸಬೇಕಾದದ್ದು ಗುರಿಗಿಂತ ಹೆಚ್ಚಾಗಿ ನೋಟ, ಗಾಳಿಯ ತಿಳಿವಳಿಕೆ ಮತ್ತು ಹೊಡೆಯದೆ ಹಿಂದಿರುಗುವ ಮನಸ್ಸು ಎಂಬುದು ಅಲ್ಲಿ ನನಗೆ ಸ್ಪಷ್ಟವಾಯಿತು.

ನಮ್ಮ ಬೇಟೆ, ಅವರ ಬೇಟೆ

ಮಲೆನಾಡು ಮತ್ತು ಕೊಡಗಿನ ಹಿಂದಿನ ಬೇಟೆಗಾರರು ಮುಖ್ಯವಾಗಿ ಎರಡು ಕ್ರಮಗಳನ್ನು ಅನುಸರಿಸುತ್ತಿದ್ದರು. ಒಂದು, ಜನರೂ ನಾಯಿಗಳೂ ಹಳು ನುಗ್ಗಿ ಪ್ರಾಣಿಯನ್ನು ಸೋವುವುದು; ಕೋವಿಯವರು ಬಿಲ್ಲಿಗೆ ನಿಂತು ಕಾಯುವುದು. ಇನ್ನೊಂದು, ಹಣ್ಣುದುರುವ ಮರದ ಬಳಿ ಅಥವಾ ನೀರಿನ ಬಳಿ ಮರಸು ಕೂರುವುದು. ದಟ್ಟ ಕಾಡಿನಲ್ಲಿ ಪ್ರಾಣಿ ಕಾಣಿಸುವುದೇ ಇಪ್ಪತ್ತು ಮೂವತ್ತು ಗಜದೊಳಗೆ. ಆದುದರಿಂದ ಅದನ್ನು ತಮ್ಮೆಡೆಗೆ ಬರಮಾಡಿಕೊಳ್ಳುವುದು ಅನಿವಾರ್ಯವಾಗಿತ್ತು.

ಮ್ಯೂಲ್ ಜಿಂಕೆಯ ನೆಲ ಇದಕ್ಕೆ ವಿರುದ್ಧವಾದುದು. ಅಲ್ಲಿ ಒಂದು ಇಳಿಜಾರಿನಿಂದ ಎದುರಿನ ಇಳಿಜಾರು ಮೈಲಿಗಟ್ಟಲೆ ಕಾಣುತ್ತದೆ, ನಡೆಯುವ ಮನುಷ್ಯನೂ ಅಷ್ಟೇ ಸ್ಪಷ್ಟವಾಗಿ ಜಿಂಕೆಗೆ ಕಾಣುತ್ತಾನೆ. ಆದ್ದರಿಂದ ದೂರದಿಂದ ಕಂಡುಹಿಡಿದು, ಮರೆಯಲ್ಲಿ ಸಮೀಪಿಸುವುದೇ ಅಲ್ಲಿನ ಕ್ರಮ.

ನೋಡುವುದು

ಬೆಳಕು ಹರಿಯುವ ಮೊದಲೇ ಎತ್ತರದ ಒಂದು ಸ್ಥಳದಲ್ಲಿ ಕುಳಿತಿರಬೇಕು. ದಿಣ್ಣೆಯ ನೆತ್ತಿಯ ಮೇಲಲ್ಲ, ಆಕಾಶಕ್ಕೆ ಎದುರಾಗಿ ಆಕೃತಿ ಕಾಣದಂತೆ ಸ್ವಲ್ಪ ಕೆಳಗೆ. ಸಾಧ್ಯವಾದರೆ ಸೂರ್ಯ ಬೆನ್ನ ಹಿಂದಿರಲಿ. ದುರ್ಬೀನನ್ನು ಮುಕ್ಕಾಲಿಯ ಮೇಲಿರಿಸಿ, ಎದುರಿನ ಇಳಿಜಾರನ್ನು ಅಡ್ಡ ಪಟ್ಟಿಗಳಾಗಿ ವಿಂಗಡಿಸಿ ಒಂದೊಂದಾಗಿ ಪರಿಶೀಲಿಸಬೇಕು. ಇಡೀ ಜಿಂಕೆಯನ್ನು ಹುಡುಕುವವನಿಗೆ ಜಿಂಕೆ ಸಿಗುವುದು ಅಪರೂಪ. ಅಲುಗುವ ಒಂದು ಕಿವಿ, ಪೊದೆಯ ಮೇಲೆ ಕೊಂಬಿನ ತುದಿ, ಲಂಬವಾದ ಕಾಂಡಗಳ ನಡುವೆ ಬೆನ್ನಿನ ಅಡ್ಡಗೆರೆ, ಹಿಂಭಾಗದ ಬಿಳುಪು: ಇವನ್ನು ಹುಡುಕಬೇಕು.

ಮುಂಜಾನೆ ಮೇಯುವ ಗಂಡು ಜಿಂಕೆ ಬಿಸಿಲೇರಿದಂತೆ ನೆರಳಿನಲ್ಲಿ ಮಲಗುತ್ತದೆ. ಮಲಗುವವರೆಗೂ ಅದನ್ನು ಕಣ್ಣಿನಲ್ಲಿಯೇ ಹಿಂಬಾಲಿಸಿ, ಅನಂತರ ಹೊರಡಬೇಕು. ಹೊರಡುವ ಮೊದಲು ಆ ಸ್ಥಳದ ಗುರುತುಗಳನ್ನು, ಒಣಮರವನ್ನೋ ಬಂಡೆಯನ್ನೋ, ಮನಸ್ಸಿನಲ್ಲಿಟ್ಟುಕೊಳ್ಳುವುದು ಅಗತ್ಯ. ಆ ಕಡೆಯಿಂದ ನೋಡಿದಾಗ ಅದೇ ಇಳಿಜಾರು ಗುರುತು ಸಿಗದಷ್ಟು ಬದಲಾಗಿರುತ್ತದೆ.

ಗಾಳಿ

ಬೆಟ್ಟದ ತಂಪು ಗಾಳಿ ರಾತ್ರಿ ಮತ್ತು ನಸುಕಿನಲ್ಲಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲಿಗೆ ನೆಲ ಕಾದ ಮೇಲೆ ಅದು ಮೇಲಕ್ಕೇರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ನಸುಕಿನಲ್ಲಿ ಮೇಲಿನಿಂದ ಇಳಿದು ಹೋದವನ ವಾಸನೆ ಅವನಿಗಿಂತ ಮೊದಲೇ ಜಿಂಕೆಯನ್ನು ತಲುಪುತ್ತದೆ. ಬಿಸಿಲು ಬಲಿತು ಗಾಳಿ ಸ್ಥಿರವಾಗಿ ಮೇಲೇರತೊಡಗಿದ ಮೇಲೆ ಮೇಲಿನಿಂದ ಸಮೀಪಿಸುವುದೇ ಸರಿ. ಮಲಗಿದ ಜಿಂಕೆ ಹೆಚ್ಚಾಗಿ ಕೆಳಗಿನ ದಿಕ್ಕನ್ನೇ ಕಾಯುತ್ತಿರುತ್ತದೆ. ಗಾಳಿ ತಿರುಗಿದರೆ ಹಿಂದೆ ಸರಿದು ಕಾಯುವುದು ಉತ್ತಮ. ಕದಲದ ಜಿಂಕೆ ನಾಳೆಯೂ ಅದೇ ಬೆಟ್ಟದಲ್ಲಿ ಸಿಗಬಹುದು. ಬೆದರಿದ್ದು ಕಣಿವೆಯನ್ನೇ ಬಿಟ್ಟು ಹೋದೀತು.

ಗುಂಡು

ಹೃದಯ ಮತ್ತು ಶ್ವಾಸಕೋಶಗಳ ಭಾಗ ಸುಮಾರು 20 ಸೆಂಟಿಮೀಟರ್ ಅಗಲದ್ದು. ಮುಂಗಾಲಿನ ತುಸು ಹಿಂದೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿರುತ್ತದೆ. ಜಿಂಕೆ ಪಕ್ಕೆ ತೋರಿ ನಿಂತಾಗ ಮಾತ್ರ ಈ ಗುರಿ ನಿಶ್ಚಿತ. ಮಲಗಿದ್ದನ್ನು ಎಬ್ಬಿಸಬಾರದು, ತಾನಾಗಿಯೇ ಏಳುವವರೆಗೆ, ಗಂಟೆಗಳಾದರೂ ಕಾಯಬೇಕು. 300 ಮೀಟರ್ ದೂರವನ್ನು ಕ್ರಮಿಸಲು ಗುಂಡಿಗೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ. ನೆಲದ ಮೇಲೆ ಮಲಗಿ ಅಥವಾ ಕುಳಿತು ಹೊಡೆದ ಐದೂ ಗುಂಡುಗಳು 20 ಸೆಂಟಿಮೀಟರ್ ವೃತ್ತದೊಳಗೆ ಬೀಳುವ ದೂರವೇ ಒಬ್ಬ ಬೇಟೆಗಾರನ ಮಿತಿ. ರೈಫಲ್ಲಿನ ಮಿತಿ ಅದಕ್ಕಿಂತ ಎಷ್ಟೇ ಹೆಚ್ಚಿದ್ದರೂ ಅದು ಲೆಕ್ಕಕ್ಕಿಲ್ಲ.

ಗುಂಡು ತಗಲಿದ ಮೇಲೆ ಕೂಡಲೆ ಬೆನ್ನಟ್ಟದೆ ಅರ್ಧ ಗಂಟೆ ಕಾಯಬೇಕು. ನೊರೆಗೂಡಿದ ನಸುಗೆಂಪು ರಕ್ತ ಶ್ವಾಸಕೋಶದ ಗುರುತು. ಹಸುರು ಬೆರೆತ ರಕ್ತ ಕಂಡರೆ ಹೊಟ್ಟೆಗೆ ತಗಲಿದೆ ಎಂದರ್ಥ. ಆಗ ಹಲವು ಗಂಟೆ ಕಾದು ಜಾಡು ಹಿಡಿಯಬೇಕು.

ದೂರದ ಗುಂಡು ಕಲಿಸಿದ ಪಾಠ

ಕೋವಿಯ ದೂರವನ್ನೇ ನೆಚ್ಚಿದ ಬೇಟೆ ಏನು ಮಾಡಬಲ್ಲದು ಎಂಬುದಕ್ಕೆ ನಾನಿರುವ ನಾಡಿನಲ್ಲಿಯೇ ನಿದರ್ಶನವಿದೆ. ಮೋಟಾರು ವಾಹನ ಮತ್ತು ರೈಫಲ್ ಜೊತೆಗೂಡಿದ ಮೇಲೆ ಅರೇಬಿಯನ್ ಓರಿಕ್ಸ್ 1972ರ ಹೊತ್ತಿಗೆ ಕಾಡಿನಿಂದ ಸಂಪೂರ್ಣವಾಗಿ ಮರೆಯಾಯಿತು. ಸಾಕಿ ಬೆಳೆಸಿದ ಹಿಂಡುಗಳಿಂದ 1982ರಲ್ಲಿ ಒಮಾನಿನಲ್ಲಿ ಮತ್ತೆ ಬಿಡುಗಡೆಗೊಳಿಸಿದ್ದರಿಂದ ಅದು ಮರಳಿತು. ಇಂದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಅಲ್ ಕುದ್ರಾದ ಮರಳಿನಲ್ಲಿ ಓರಿಕ್ಸ್‌ಗಳು ಸಂಚರಿಸುತ್ತವೆ. ಕೊಲ್ಲುವ ಉದ್ದೇಶವಿಲ್ಲದೆ ನೋಟವನ್ನೂ ಗಾಳಿಯನ್ನೂ ಅಭ್ಯಾಸ ಮಾಡಲು ನಾನು ಅಲ್ಲಿಗೆ ಹೋಗುತ್ತೇನೆ. ದೂರ ನಿಂತು, ಅವು ತಲೆಯೆತ್ತದಂತೆ ಒಂದು ಗಂಟೆ ನೋಡಿ ಬರುವುದು ಸುಲಭದ ಪರೀಕ್ಷೆಯಲ್ಲ.

ಕಾನೂನು

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 1963ರ ಅಧಿಸೂಚನೆಯಲ್ಲಿದ್ದ ಈ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಇದು ಕೋವಿ ಇಟ್ಟುಕೊಳ್ಳುವ ಹಕ್ಕೇ ಹೊರತು ಬೇಟೆಯ ಹಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಜಿಂಕೆ, ಕಡವೆಗಳ ಬೇಟೆ ಕೊಡಗಿನಲ್ಲಿಯೂ ಅಪರಾಧವೇ. ಹಿಂದೆ ಬೇಟೆಯ ಕಾಲದ ಆರಂಭವನ್ನು ಸೂಚಿಸುತ್ತಿದ್ದ ಕೈಲ್ ಪೊಳ್ದ್ ಹಬ್ಬದಲ್ಲಿ ಈಗ ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ಪಡೆದಿರಬೇಕು. ರೈಫಲ್ ಬೇಟೆಯ ಕಾಲದಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಧರಿಸಬೇಕು. ಜಿಂಕೆಗಳ ಮೆದುಳನ್ನು ಕ್ಷಯಿಸುವ ದೀರ್ಘಕಾಲದ ರೋಗವೊಂದು 1967ರಲ್ಲಿ ಮೊದಲು ಗಮನಕ್ಕೆ ಬಂದುದು ಇದೇ ರಾಜ್ಯದ ಸೆರೆಯಲ್ಲಿದ್ದ ಮ್ಯೂಲ್ ಜಿಂಕೆಗಳಲ್ಲಿ. ಆದ್ದರಿಂದ ಮಾಂಸವನ್ನು ತಿನ್ನುವ ಮೊದಲು ಪರೀಕ್ಷೆಗೆ ಕೊಡುವುದು ಕ್ಷೇಮ.

ಹೊಸದಾಗಿ ಈ ಬೇಟೆಗೆ ಹೊರಡುವ ಕನ್ನಡಿಗರು ಹಣವನ್ನು ರೈಫಲ್ಲಿಗಿಂತ ಮೊದಲು ಒಳ್ಳೆಯ ದುರ್ಬೀನಿಗೂ ಮುಕ್ಕಾಲಿಗೂ ವೆಚ್ಚ ಮಾಡಲಿ ಎಂಬುದು ನನ್ನ ಸಲಹೆ. ಮೊದಲ ವರ್ಷ ಗುಂಡು ಹಾರಿಸದೆಯೇ ಮರಳಿದರೂ ನೆಲ, ಗಾಳಿ ಮತ್ತು ಜಿಂಕೆಯ ನಡತೆ ತಿಳಿದಿರುತ್ತದೆ.