ಠಾಣೆ ಮೆಟ್ಟಿಲು ಹತ್ತದ ಹಂಬೋಲ್ಟ್

ಸ್ಯಾನ್ ಫ್ರಾನ್ಸಿಸ್ಕೊದಿಂದ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ, ದ್ರಾಕ್ಷಿ ತೋಟಗಳು ಮುಗಿದು ನಾಲ್ಕು ತಾಸಿನೊಳಗೆ ರೆಡ್‌ವುಡ್ ಕಾಡು ಶುರುವಾಗುತ್ತದೆ. ನೂರು ಮೀಟರಿಗೂ ಎತ್ತರದ ಮರಗಳು, ಕಡಲಿನಿಂದ ಏರಿ ಬರುವ ಮಂಜು, ಕಣಿವೆಗೊಂದರಂತೆ ಚದುರಿದ ಊರುಗಳು. ಇದು ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೌಂಟಿ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟೇ ಇದೆ. ಜನಸಂಖ್ಯೆ ಮಾತ್ರ ಅದರ ಹತ್ತರಲ್ಲೊಂದು ಭಾಗವೂ ಇಲ್ಲ. 2020ರ ಜನಗಣತಿಯ ಪ್ರಕಾರ ಇಲ್ಲಿರುವವರು 1.36 ಲಕ್ಷ ಮಂದಿ. ಅದರಲ್ಲೂ ದೊಡ್ಡ ಪಾಲು ಕೌಂಟಿ ಕೇಂದ್ರವಾದ ಯುರೇಕಾ ಮತ್ತು ಪಕ್ಕದ ಆರ್ಕಾಟಾದ ಸುತ್ತಮುತ್ತಲೇ ಇದೆ.

ಹಂಬೋಲ್ಟ್ ಹೆಸರು ಮಾಡಿದ್ದು ಮೊದಲು ಮರದಿಂದ, ಆಮೇಲೆ ಗಾಂಜಾದಿಂದ. ಈಚಿನ ಹೆಸರು ಅಪರಾಧದ್ದು. ದಕ್ಷಿಣದ ಆಲ್ಡರ್‌ಪಾಯಿಂಟ್ ಬಳಿಯ ಬೆಟ್ಟವನ್ನು ಕುರಿತ ‘ಮರ್ಡರ್ ಮೌಂಟನ್’ ಎಂಬ ಸಾಕ್ಷ್ಯಚಿತ್ರ ಸರಣಿ 2018ರಲ್ಲಿ ಬಂದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ ತಲಾವಾರು ಅತಿ ಹೆಚ್ಚು ಜನ ಕಾಣೆಯಾಗುವ ಕೌಂಟಿ ಎಂದು ಜಗತ್ತೇ ಇತ್ತ ನೋಡಿತು. ಆ ಲೆಕ್ಕ ಸುಳ್ಳಲ್ಲ. ಆದರೆ ಇಲ್ಲಿನ ಅಪರಾಧದ ಅಂಕಿ ಅರ್ಥವಾಗಬೇಕಾದರೆ, ಈ ನೆಲದಲ್ಲಿ ಯಾರು ಠಾಣೆಯ ಮೆಟ್ಟಿಲು ಹತ್ತುತ್ತಾರೆ, ಯಾರು ಹತ್ತುವುದಿಲ್ಲ ಎನ್ನುವುದನ್ನು ಮೊದಲು ತಿಳಿಯಬೇಕು. ಆ ಕಥೆ ಗಾಂಜಾಕ್ಕಿಂತ ನೂರು ವರ್ಷ ಹಳೆಯದು.

ಬರೆದವನೇ ಊರು ಬಿಟ್ಟ

1860ರ ಫೆಬ್ರುವರಿ ಕೊನೆಯ ವಾರ. ಯುರೇಕಾದ ಎದುರಿಗೇ ಕೊಲ್ಲಿಯಲ್ಲಿರುವ ತುಲುವಾಟ್ ದ್ವೀಪದಲ್ಲಿ ವಿಯೊಟ್ ಮೂಲನಿವಾಸಿಗಳು ಲೋಕದ ಕ್ಷೇಮಕ್ಕಾಗಿ ನಡೆಸುವ ವಾರ್ಷಿಕ ಆಚರಣೆಗೆ ಸೇರಿದ್ದರು. ರಾತ್ರಿ ಬಿಳಿಯರ ಗುಂಪೊಂದು ದೋಣಿಗಳಲ್ಲಿ ಹೋಗಿ ಮಲಗಿದ್ದವರನ್ನು ಕೊಚ್ಚಿ ಹಾಕಿತು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಮಾಡಿದವರು ಯಾರೆಂಬುದು ಪೇಟೆಯಲ್ಲಿ ಗುಟ್ಟಾಗಿರಲಿಲ್ಲ. ಆದರೂ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಈಗ ಆರ್ಕಾಟಾ ಎನಿಸಿಕೊಂಡ ಊರಿನ ಪತ್ರಿಕೆಯಲ್ಲಿ ಸಂಪಾದಕರು ಇಲ್ಲದ ಹೊತ್ತಿನಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಯುವಕ ಬ್ರೆಟ್ ಹಾರ್ಟ್ ಈ ಕೊಲೆಗಳನ್ನು ಖಂಡಿಸಿ ಬರೆದ. ಜೀವ ಬೆದರಿಕೆ ಬಂತು. ತಿಂಗಳಾಗುವಷ್ಟರಲ್ಲಿ ಅವನು ಊರು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊ ಸೇರಿದ. ಮುಂದೆ ಅಮೆರಿಕದ ಹೆಸರಾಂತ ಕಥೆಗಾರನಾದವನು ಇವನೇ.

1885ರಲ್ಲಿ ಇನ್ನೊಂದು ಪ್ರಕರಣ. ಯುರೇಕಾದ ಚೀನಿಯರ ಬೀದಿಯಲ್ಲಿ ನಡೆದ ಜಗಳದಲ್ಲಿ ಹಾರಿದ ಗುಂಡು ನಗರಸಭೆಯ ಸದಸ್ಯರೊಬ್ಬರಿಗೆ ತಗುಲಿ ಅವರು ಸತ್ತರು. ಅದೇ ಸಂಜೆ ಊರಿನ ಗಣ್ಯರು ಸಭೆ ಸೇರಿದರು. ಎರಡು ದಿನದೊಳಗೆ ಸುಮಾರು ಮುನ್ನೂರು ಚೀನಿಯರನ್ನು ಹಡಗು ಹತ್ತಿಸಿ ಕಳಿಸಲಾಯಿತು. ಕಳೆದುಕೊಂಡ ಆಸ್ತಿಗೆ ಪರಿಹಾರ ಕೇಳಿ ಅವರು ನ್ಯಾಯಾಲಯಕ್ಕೆ ಹೋದರೂ ಬಿಡಿಗಾಸು ಸಿಗಲಿಲ್ಲ. ಒಂದು ಸಾವನ್ನು ಊರು ಅಪರಾಧವೆಂದು ಕಂಡಿತು. ಮುನ್ನೂರು ಜನರನ್ನು ಒಕ್ಕಲೆಬ್ಬಿಸಿದ್ದನ್ನು ಹಾಗೆ ಕಾಣಲಿಲ್ಲ. ಅಪರಾಧ ಯಾವುದೆಂದು ತೀರ್ಮಾನಿಸುವವರೇ ಅದರಲ್ಲಿ ಭಾಗಿಗಳಾಗಿದ್ದರೆ ದಾಖಲೆ ಹೇಗಿರುತ್ತದೆ ಎಂಬುದಕ್ಕೆ ಈ ಕೌಂಟಿಯ ಹತ್ತೊಂಬತ್ತನೇ ಶತಮಾನವೇ ಸಾಕ್ಷಿ.

ಪೊಲೀಸರ ಮೇಲೆ ಜನರ ನಿಗಾ

ಇಪ್ಪತ್ತನೇ ಶತಮಾನದ ಬಹುಭಾಗ ಹಂಬೋಲ್ಟ್ ಮರದ ಮಿಲ್ಲುಗಳ ನಾಡು. ಒಳ್ಳೆಯ ಮರ ಕರಗುತ್ತ ಬಂದಂತೆ ಮಿಲ್ಲುಗಳು ಮುಚ್ಚಿದವು. ಕಡಿದು ಬೋಳಾದ ಗುಡ್ಡಗಳನ್ನು ಅಗ್ಗಕ್ಕೆ ಕೊಂಡು, ನಗರದ ಸಹವಾಸವೇ ಬೇಡವೆಂದು 1960ರ ದಶಕದ ಕೊನೆಗೆ ಹಿಪ್ಪಿಗಳು ಬಂದು ನೆಲೆಸಿದರು. ಮನೆಬಳಕೆಗೆ ಹಾಕಿಕೊಂಡ ನಾಲ್ಕು ಗಾಂಜಾ ಗಿಡಗಳು ಹತ್ತು ವರ್ಷದಲ್ಲಿ ನಗದು ಬೆಳೆಯಾದವು. ಮೆಂಡೊಸಿನೊ ಮತ್ತು ಟ್ರಿನಿಟಿ ಕೌಂಟಿಗಳೊಂದಿಗೆ ಸೇರಿ ಈ ಸೀಮೆಗೆ ‘ಎಮರಾಲ್ಡ್ ಟ್ರಯಾಂಗಲ್’ ಎಂಬ ಹೆಸರು ಬಿತ್ತು.

1983ರಲ್ಲಿ ಸರ್ಕಾರ ಹೆಲಿಕಾಪ್ಟರ್ ಇಳಿಸಿತು. ‘ಕ್ಯಾಂಪ್’ ಎಂಬ ಗಾಂಜಾ ನಿರ್ಮೂಲನ ಕಾರ್ಯಾಚರಣೆ ಪ್ರತಿ ಬೇಸಿಗೆಯ ಹಾವಳಿಯಾಯಿತು. 1990ರಲ್ಲಿ ಸೈನಿಕರೂ ಬಂದರು. ಬೆಟ್ಟದ ಜನ ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. 1987ರಲ್ಲಿ ಆರಂಭವಾದ ಸಮುದಾಯ ರೇಡಿಯೊ ಕೆಎಂಯುಡಿ, ಪೊಲೀಸ್ ವಾಹನಗಳ ಸಾಲು ಯಾವ ರಸ್ತೆಗೆ ತಿರುಗಿತು, ಹೆಲಿಕಾಪ್ಟರ್ ಯಾವ ಕಣಿವೆಯ ಮೇಲಿದೆ ಎಂದು ಕೇಳುಗರು ಫೋನಿನಲ್ಲಿ ತಿಳಿಸಿದ್ದನ್ನು ಬಿತ್ತರಿಸುತ್ತಿತ್ತು. ಜನರ ಮೇಲೆ ಪೊಲೀಸರು ಕಣ್ಣಿಡುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಪೊಲೀಸರ ಚಲನವಲನವನ್ನು ಜನ ವರದಿ ಮಾಡುತ್ತಿದ್ದರು.

ಇಂಥ ಕಡೆ ಕಳ್ಳತನವಾದರೆ ದೂರು ಯಾರಿಗೆ ಕೊಡುವುದು? ಕಳುವಾದದ್ದೇ ಕಾನೂನುಬಾಹಿರ ಬೆಳೆ. ಫೆಡರಲ್ ಕಾನೂನಿನ ಭಯಕ್ಕೆ ಬ್ಯಾಂಕುಗಳು ಈ ಹಣ ಮುಟ್ಟುತ್ತಿರಲಿಲ್ಲವಾಗಿ ದುಡ್ಡೆಲ್ಲ ನಗದು. ಅದು ಹಾಸಿಗೆಯಡಿಯಲ್ಲೋ ಮಣ್ಣಿನಡಿಯಲ್ಲೋ ಇರುತ್ತದೆಂದು ದರೋಡೆಕೋರರಿಗೂ ಗೊತ್ತು. ಬಂದೂಕು ತೋರಿಸಿ ಲಕ್ಷ ಡಾಲರ್ ದೋಚಿದರೂ ಕೌಂಟಿಯ ಪೊಲೀಸ್ ಕೆಲಸ ನೋಡುವ ಶೆರಿಫ್ ಕಚೇರಿಯ ಪುಸ್ತಕದಲ್ಲಿ ಒಂದು ಸಾಲು ಏಳುತ್ತಿರಲಿಲ್ಲ. ಕರೆದರೂ ಶೆರಿಫ್‌ನ ಡೆಪ್ಯುಟಿ ಬೆಟ್ಟದ ಮನೆ ತಲುಪಲು ಗಂಟೆಗಟ್ಟಲೆ ಬೇಕು. ಯುರೇಕಾದಿಂದ ದಕ್ಷಿಣದ ಗಾರ್ಬರ್‌ವಿಲ್‌ಗೇ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಂದ ಮುಂದೆ ಮಣ್ಣುರಸ್ತೆ, ಗೇಟಿನ ಮೇಲೆ ಗೇಟು.

ಕೊಯ್ಲಿನ ಕಾಲಕ್ಕೆ ಬರುತ್ತಿದ್ದ ಕೂಲಿಗಳ ಪಾಡು ಇನ್ನೂ ಕಷ್ಟ. ಸೆಪ್ಟೆಂಬರ್ ಬಂತೆಂದರೆ ಬೆನ್ನಿಗೆ ಚೀಲ ಹಾಕಿದ ದೇಶವಿದೇಶದ ಹುಡುಗ ಹುಡುಗಿಯರು ಗಾರ್ಬರ್‌ವಿಲ್‌ನ ಮುಖ್ಯ ಬೀದಿಯಲ್ಲಿ ಕತ್ತರಿಯ ಚಿತ್ರ ಬರೆದ ರಟ್ಟು ಹಿಡಿದು ನಿಲ್ಲುತ್ತಿದ್ದರು. ಗಾಂಜಾ ಮೊಗ್ಗಿನ ಎಲೆ ಕತ್ತರಿಸುವ ಕೆಲಸ ಬೇಕು ಎಂಬುದರ ಗುರುತು ಅದು. ಯಾವನೋ ಟ್ರಕ್ಕಿನಲ್ಲಿ ಹತ್ತಿಸಿಕೊಂಡು ಹೋದರೆ ಮೊಬೈಲ್ ಸಿಗ್ನಲ್ ಇಲ್ಲದ ಬೆಟ್ಟದಲ್ಲಿ ವಾರಗಟ್ಟಲೆ ವಾಸ. ಅಲ್ಲಿ ಕೂಲಿ ಕೊಡದೆ ಓಡಿಸಿದ, ಲೈಂಗಿಕ ದೌರ್ಜನ್ಯ ಎಸಗಿದ ಪ್ರಕರಣಗಳನ್ನು ‘ರಿವೀಲ್’ ತನಿಖಾ ಸಂಸ್ಥೆ 2016ರಲ್ಲಿ ಬಯಲಿಗೆ ತಂದಿತು. ಅದುವರೆಗೆ ಅವು ಪಿಸುಮಾತಿನಲ್ಲೇ ಉಳಿದಿದ್ದವು.

ದೂರಿನ ಜಾಗದಲ್ಲಿ ಕೆಲವೊಮ್ಮೆ ಕೈಯೇ ಮಾತಾಡಿತು. 2012ರ ಕೊನೆಗೆ ಆಲ್ಡರ್‌ಪಾಯಿಂಟ್ ಕಡೆ ಬಂದಿದ್ದ ಸ್ಯಾನ್ ಡಿಯೇಗೊ ಕಡೆಯ ಯುವಕನೊಬ್ಬ ಕಾಣೆಯಾದ. ವರ್ಷವಾಗುತ್ತ ಬಂದರೂ ಸುಳಿವಿಲ್ಲದಾಗ ಸ್ಥಳೀಯ ಗಂಡಸರ ಗುಂಪೊಂದು ತಮಗೆ ಅನುಮಾನವಿದ್ದವನನ್ನು ಹಿಡಿದು, ಬಂದೂಕಿನ ಬಲದಿಂದ ಹೆಣ ಹೂತ ಜಾಗ ತೋರಿಸುವಂತೆ ಮಾಡಿತು. ಹೆಣ ಸಿಕ್ಕಿತು. ಆದರೆ ಸಾಕ್ಷಿ ಹೇಳಬೇಕಾದವರೇ ಬಲಪ್ರಯೋಗ ಮಾಡಿದವರು. ಸಾಕ್ಷ್ಯಚಿತ್ರ ತೆರೆಗೆ ಬಂದಾಗಲೂ ಆ ಕೊಲೆಗೆ ಯಾರ ಮೇಲೂ ಮೊಕದ್ದಮೆ ಹೂಡಿರಲಿಲ್ಲ.

ಲೆಕ್ಕದ ಒಳಗಿನ ಲೆಕ್ಕ

ಹಾಗಿದ್ದರೆ ದಾಖಲಾದ ಅಂಕಿಗಳಾದರೂ ಏನು ಹೇಳುತ್ತವೆ? ಮೊದಲಿಗೆ, ಸಣ್ಣ ಜನಸಂಖ್ಯೆಯ ಆಟ. ಒಂದು ವರ್ಷ ಇಲ್ಲಿ ಐದು ಕೊಲೆ, ಮುಂದಿನ ವರ್ಷ ಹತ್ತು ಎಂದಿಟ್ಟುಕೊಳ್ಳಿ. ಲಕ್ಷ ಜನರಿಗೆ ದರ 3.7ರಿಂದ 7.3ಕ್ಕೆ ಜಿಗಿಯುತ್ತದೆ. ‘ಕೊಲೆ ದುಪ್ಪಟ್ಟು’ ಎಂದು ಶೀರ್ಷಿಕೆ ಬರೆಯಬಹುದು. ಹಿಂದೆ ಇರುವುದು ಐದೇ ಘಟನೆ. ಎರಡನೆಯದು, ನಾಪತ್ತೆ ದರ. ಹೊರಗಿನಿಂದ ಬಂದು ಕಾಣೆಯಾದ ಕೂಲಿಯೂ ಪ್ರವಾಸಿಯೂ ನಾಪತ್ತೆಯಾದವರ ಸಂಖ್ಯೆಗೆ ಸೇರುತ್ತಾರೆ. ಅದನ್ನು ಭಾಗಿಸುವ ಜನಸಂಖ್ಯೆಯಲ್ಲಿ ಕಾಯಂ ನಿವಾಸಿಗಳಷ್ಟೇ ಇದ್ದಾರೆ. ಅಲ್ಲದೆ ನಾಪತ್ತೆ ದೂರುಗಳಲ್ಲಿ ದೊಡ್ಡ ಪಾಲು ಮನೆ ಬಿಟ್ಟು ಹೋಗಿ ಮರಳುವ ಹದಿಹರೆಯದವರದು.

ಮೂರನೆಯದು ಎಣಿಕೆಯ ನಿಯಮ. 1930ರಿಂದ ಎಫ್‌ಬಿಐ ನಡೆಸಿಕೊಂಡು ಬಂದ ಹಳೆಯ ಪದ್ಧತಿಯಲ್ಲಿ, ಒಂದು ಘಟನೆಯಲ್ಲಿ ಹಲವು ಅಪರಾಧ ನಡೆದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸಬೇಕಿತ್ತು. 2021ರ ಜನವರಿಯಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ದಾಖಲಿಸುವ ಹೊಸ ಪದ್ಧತಿ ಬಂತು. ಆ ವರ್ಷ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ಪೊಲೀಸ್ ಇಲಾಖೆಗಳೇ ಅದಕ್ಕೆ ಹೊಂದಿಕೊಳ್ಳಲಾಗದೆ ಲೆಕ್ಕದಿಂದ ಹೊರಗುಳಿದವು. 2021ರ ಆಚೀಚೆಯ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿದರೆ ಅಪರಾಧದ ಏರಿಳಿತ ಯಾವುದು, ನಿಯಮದ ಏರಿಳಿತ ಯಾವುದು ಎಂದು ಬಿಡಿಸಲಾಗದು. ಇನ್ನು ಮನೆಮನೆಗೆ ಹೋಗಿ ನೇರವಾಗಿ ಜನರನ್ನೇ ಕೇಳುವ ರಾಷ್ಟ್ರೀಯ ಸಮೀಕ್ಷೆ 1973ರಿಂದ ಇದೆ. ಅದರ ಪ್ರಕಾರ ಅಮೆರಿಕದಲ್ಲಿ ಹಿಂಸಾಚಾರದ ಅರ್ಧದಷ್ಟೂ ಪೊಲೀಸರಿಗೆ ತಲುಪುವುದಿಲ್ಲ. ಆದರೆ ಆ ಸಮೀಕ್ಷೆ ಕೌಂಟಿ ಮಟ್ಟದ ಲೆಕ್ಕ ಕೊಡುವುದಿಲ್ಲ.

ಹೇಳಿಕೊಳ್ಳುವ ಅಭ್ಯಾಸವೂ ಊರಿಂದೂರಿಗೆ ಬೇರೆ. ಕಾಲೇಜು ಊರಾದ ಆರ್ಕಾಟಾದಲ್ಲಿ ಚಿಕ್ಕಪುಟ್ಟದ್ದಕ್ಕೂ ಪೊಲೀಸರಿಗೆ ಫೋನು ಹೋಗುತ್ತದೆ. ಅಲ್ಲಿ 1996ರಲ್ಲಿ ಕೆವಿನ್ ಹೂವರ್ ಆರಂಭಿಸಿದ ‘ಆರ್ಕಾಟಾ ಐ’ ವಾರಪತ್ರಿಕೆ ಠಾಣೆಯ ದಿನಚರಿಯನ್ನು ಪ್ರಾಸಬದ್ಧ ಪದ್ಯಗಳಲ್ಲಿ, ತುಂಟತನದ ಗದ್ಯದಲ್ಲಿ ಅಚ್ಚು ಹಾಕಿ ಹೊರನಾಡಿನಲ್ಲೂ ಓದುಗರನ್ನು ಗಳಿಸಿತು. ಅದನ್ನೇ ಓದಿದವರಿಗೆ ಆರ್ಕಾಟಾ ಗಲಾಟೆಯ ಊರು, ಆಲ್ಡರ್‌ಪಾಯಿಂಟ್ ಶಾಂತವಾದ ಹಳ್ಳಿ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹೇಳಿದರೂ ಎಣಿಕೆಗೆ ಬಾರದವರು

ಕೌಂಟಿಯ ಈಶಾನ್ಯದಲ್ಲಿ ಹೂಪಾ ಕಣಿವೆಯ ಮೂಲನಿವಾಸಿಗಳ ಮೀಸಲು ಪ್ರದೇಶ, ಕ್ಲಾಮತ್ ನದಿಯುದ್ದಕ್ಕೂ ಯುರೋಕ್ ಜನರ ನೆಲ. 1953ರ ‘ಪಬ್ಲಿಕ್ ಲಾ 280’ ಎಂಬ ಕಾಯ್ದೆ ಇಲ್ಲಿನ ಅಪರಾಧ ತನಿಖೆಯ ಅಧಿಕಾರವನ್ನು ರಾಜ್ಯಕ್ಕೆ ವಹಿಸಿತು. ವಾಸ್ತವದಲ್ಲಿ ಹೆಂಗಸೊಬ್ಬಳು ಕಾಣೆಯಾದರೆ ಬುಡಕಟ್ಟು ಪೊಲೀಸರು, ಶೆರಿಫ್, ಫೆಡರಲ್ ಅಧಿಕಾರಿಗಳು ಇವರಲ್ಲಿ ಯಾರ ಹೊಣೆ ಎಂಬ ಗೊಂದಲದಲ್ಲೇ ಮೊದಲ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಇಲ್ಲಿ ಸಮಸ್ಯೆ ದೂರಿನ ಆಚೆಗೂ ಚಾಚಿದೆ. ದೂರು ಕೊಟ್ಟ ಮೇಲೂ ಕಾಣೆಯಾದವಳ ಜನಾಂಗವನ್ನು ತಪ್ಪಾಗಿ ಬರೆದರೆ ಅವಳು ಬೇರೆಯವರ ಲೆಕ್ಕಕ್ಕೆ ಸೇರುತ್ತಾಳೆ. ಅರ್ಬನ್ ಇಂಡಿಯನ್ ಹೆಲ್ತ್ ಇನ್‌ಸ್ಟಿಟ್ಯೂಟ್ 2018ರಲ್ಲಿ ತೋರಿಸಿದಂತೆ, 2016ರಲ್ಲಿ ದೇಶದಾದ್ಯಂತ ಮೂಲನಿವಾಸಿ ಹೆಂಗಸರು ಕಾಣೆಯಾದ ಬಗ್ಗೆ 5,712 ದೂರುಗಳಿದ್ದವು. ನ್ಯಾಯ ಇಲಾಖೆಯ ನಾಪತ್ತೆ ದತ್ತಾಂಶದಲ್ಲಿ ನಮೂದಾಗಿದ್ದು 116.

ಈ ಲೆಕ್ಕ ಸರಿಯಾಗಲೆಂದು ಯುರೋಕ್ ಜನ ಕಾಯುತ್ತ ಕೂರಲಿಲ್ಲ. ಮುಖ್ಯ ನ್ಯಾಯಾಧೀಶೆ ಆ್ಯಬಿ ಅಬಿನಾಂಟಿ ಅವರ ಬುಡಕಟ್ಟು ನ್ಯಾಯಾಲಯ 2020ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಪ್ರಕರಣಗಳನ್ನು ತಾನೇ ಕಲೆಹಾಕಿ ವರದಿ ಹೊರತಂದಿತು. ಮರುವರ್ಷದ ಕೊನೆಗೆ, ಹೆಂಗಸರು ಕಾಣೆಯಾಗುತ್ತಿರುವುದನ್ನು ಬುಡಕಟ್ಟು ಮಂಡಳಿ ತುರ್ತು ಪರಿಸ್ಥಿತಿ ಎಂದೇ ಸಾರಿತು. 2023ರಿಂದ ರಾಜ್ಯದಲ್ಲಿ ‘ಫೆದರ್ ಅಲರ್ಟ್’ ಜಾರಿಗೆ ಬಂದು, ಮೂಲನಿವಾಸಿಗಳು ಕಾಣೆಯಾದರೆ ಸಾರ್ವಜನಿಕ ಎಚ್ಚರಿಕೆ ಹೊರಡಿಸುವ ದಾರಿ ತೆರೆಯಿತು.

ಗಾಂಜಾ ಬೆಟ್ಟದಲ್ಲೂ ಗಾಳಿ ಬದಲಾಗಿದೆ. 2016ರ ಮತದಾನದಲ್ಲಿ ಕಾನೂನುಬದ್ಧವಾದ ಗಾಂಜಾ 2018ರ ಹೊಸವರ್ಷಕ್ಕೆ ಅಂಗಡಿಗೆ ಬಂತು. ಸಗಟು ಬೆಲೆ ಕುಸಿದು ಸಣ್ಣ ಬೆಳೆಗಾರರು ಕೈಚೆಲ್ಲಿದರು, ಗಾರ್ಬರ್‌ವಿಲ್‌ನ ವ್ಯಾಪಾರ ಸೊರಗಿತು. ಪರವಾನಗಿ ಪಡೆದವನು ಮಾತ್ರ ಈಗ ಕಳ್ಳತನವಾದರೆ ಎದೆಗೊಟ್ಟು ದೂರು ಕೊಡಬಹುದು. ಪರವಾನಗಿಯಿಲ್ಲದೆ ಉಳಿದವನು ಹಳೆಯ ಮೌನದಲ್ಲೇ ಇದ್ದಾನೆ.

ಮುಂದಿನ ವರ್ಷಗಳಲ್ಲಿ ಹಂಬೋಲ್ಟ್‌ನ ಅಂಕಿ ಏರಿದರೆ ಅದನ್ನು ಕೌಂಟಿ ಕೆಟ್ಟಿತು ಎಂದು ಓದುವ ಮೊದಲು ಎಲ್ಲಿ ಏರಿತು ಎಂದು ಕೇಳಬೇಕು. ಹೂಪಾದ ತಾಯಿಯೊಬ್ಬಳು ಮೊದಲ ದಿನವೇ ದೂರು ಕೊಟ್ಟು, ಆ ದೂರು ಮಗಳ ಸರಿಯಾದ ಗುರುತಿನೊಂದಿಗೆ ದಾಖಲಾಗಿ ಸಂಖ್ಯೆ ಒಂದು ಹೆಚ್ಚಿದರೆ, ಈ ಕೌಂಟಿಯ ಚರಿತ್ರೆಯಲ್ಲಿ ಅದು ಸುಧಾರಣೆ. ಅದೇ ಅಂಕಿ ಸದ್ದಿಲ್ಲದೆ ಇಳಿದರೆ ಆಗ ಚಿಂತಿಸಬೇಕು.