ಮದ್ದಿನ ಮನೆ, ಓದಿನ ಮನೆ

ನಮ್ಮ ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದ ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ಎರಡು ಕುದುರೆಗಳು ಆಳಂದಿಗೆ ಹೊರಡುತ್ತವೆ. ಜ್ಞಾನೇಶ್ವರರ ಪಾಲಕಿಯೊಡನೆ ಪಂಢರಪುರಕ್ಕೆ ನಡೆಯುವ ಕುದುರೆಗಳು ಅವು. ಒಂದರ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದರ ಬೆನ್ನು ಬರಿದು, ಅದು ಮಾವುಲಿಯದು. ಈ ಪರಿಪಾಠವನ್ನು 19ನೆಯ ಶತಮಾನದಲ್ಲಿ ನೆಲೆಗೊಳಿಸಿದ ಹೈಬತಬಾಬಾ ಅವರು ಶಿಂದೆಯವರ ಸೇವೆಯಲ್ಲಿದ್ದ ಸರದಾರರು. ದಂಡಿನ ಕುದುರೆ ದಿಂಡಿಯ ಕುದುರೆಯಾಯಿತೆಂದು ನಾವು ಊರವರು ಹೆಮ್ಮೆಪಡುತ್ತೇವೆ.

ಕುದುರೆಯಂತೆ ಕಟ್ಟಡವೂ ಹಳೆಯ ಕಸುಬನ್ನು ಬಿಟ್ಟು ಹೊಸದನ್ನು ಹಿಡಿದೀತೆ? ಪಾಳುಬಿದ್ದ ಕೋಟೆ, ಬ್ಯಾರಕ್ಕುಗಳನ್ನು ವಿದ್ಯಾಲಯಗಳಿಗೆ ಬಿಟ್ಟುಕೊಟ್ಟರೆ ಎಷ್ಟು ಚೆನ್ನ ಎಂಬ ಮಾತು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಆಗಾಗ ಏಳುತ್ತದೆ. ನಾನೂ ಅದಕ್ಕೆ ತಲೆದೂಗುತ್ತಿದ್ದವನೇ, ವಿದ್ಯಾರ್ಥಿಗಳೊಡನೆ ಬೀದರಿಗೆ ಹೋಗಿಬರುವವರೆಗೆ.

ಬೀದರಿನಲ್ಲಿ ನಡೆದದ್ದು ಇದರ ವಿಪರೀತ. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನು 1472ರಲ್ಲಿ ಅಲ್ಲಿ ಮದರಸವನ್ನು ಕಟ್ಟಿಸಿದನು. ಮೂರು ಅಂತಸ್ತು, ನಡುವೆ ವಿಶಾಲವಾದ ಅಂಗಳ, ಸುತ್ತ ಉಪನ್ಯಾಸ ಮಂದಿರಗಳು, ವಿದ್ಯಾರ್ಥಿಗಳ ಕೋಣೆಗಳು, ಗುರುಗಳ ಬಿಡಾರಗಳು. ಜೊತೆಗೆ 3000 ಹಸ್ತಪ್ರತಿಗಳಿದ್ದ ಭಂಡಾರವೆಂದು ಪ್ರತೀತಿ. ಗುರುವೂ ಶಿಷ್ಯನೂ ಒಂದೇ ಸೂರಿನಡಿ ಬಾಳುವ ಈ ಏರ್ಪಾಡಿಗೆ ಇಂದು ನಾವು 'ಕ್ಯಾಂಪಸ್' ಎನ್ನುತ್ತೇವೆ. ಕಟ್ಟಿಸಿದವನನ್ನು ಕೃತಕ ಪತ್ರವೊಂದರ ಆಧಾರದ ಮೇಲೆ 1481ರಲ್ಲಿ ಕೊಲ್ಲಿಸಲಾಯಿತು. ಕಟ್ಟಡವಾದರೋ ಉಳಿಯಿತು. 1657ರಲ್ಲಿ ಔರಂಗಜೇಬನು ಬೀದರನ್ನು ಗೆದ್ದ ಮೇಲೆ ವಿದ್ಯಾರ್ಥಿಗಳ ಕೋಣೆಗಳಿಗೆ ಸೈನಿಕರು ಬಂದರು, ಮಗ್ಗುಲಿಗೇ ಕೋವಿಮದ್ದು ಬಂದಿತು. ಆ ಶತಮಾನ ಮುಗಿಯುವ ಮುನ್ನವೇ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾರಿಹೋಯಿತು. ಇಂದು ನಿಂತಿರುವುದು ಒಂದೇ ಮಿನಾರು. ಅದರ ಮೈಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಹೆಂಚುಗಳನ್ನು ನೋಡಿದರೆ, ಹೋದದ್ದರ ಲೆಕ್ಕ ತಾನಾಗಿಯೇ ಮನಸ್ಸಿಗೆ ಬರುತ್ತದೆ.

"ಸರ್, ಇದನ್ನು ಮತ್ತೆ ಕಾಲೇಜು ಮಾಡಬಾರದೆ?" ಎಂದು ಹುಡುಗನೊಬ್ಬ ಕೇಳಿದ. ಸಂರಕ್ಷಿತ ಸ್ಮಾರಕ, ಆಗದಪ್ಪಾ ಎಂದೆ. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ಆಗಿರುವ ಉದಾಹರಣೆಯೊಂದು ಬಂಗಾಳದಲ್ಲಿದೆ. ಖರಗಪುರದ ಬಳಿಯ ಹಿಜಲಿಯಲ್ಲಿ ಬ್ರಿಟಿಷರದೊಂದು ಬಂಧನ ಶಿಬಿರವಿತ್ತು. 1931ರ ಸೆಪ್ಟೆಂಬರ್ 16ರಂದು ಅಲ್ಲಿ ನಿಶ್ಶಸ್ತ್ರರಾದ ಬಂದಿಗಳ ಮೇಲೆ ಗುಂಡು ಹಾರಿತು. ಸಂತೋಷಕುಮಾರ ಮಿತ್ರ, ತಾರಕೇಶ್ವರ ಸೇನಗುಪ್ತ ಎಂಬಿಬ್ಬರು ಮಡಿದರು. ಎರಡನೆಯ ಮಹಾಯುದ್ಧದಲ್ಲಿ ಅದೇ ಕಟ್ಟಡ ಅಮೆರಿಕದ ಬಾಂಬರ್ ಪಡೆಯ ಠಾಣ್ಯವಾಯಿತು. 1951ರಲ್ಲಿ ದೇಶದ ಮೊದಲ ಐ.ಐ.ಟಿ. ತನ್ನ ಪಾಠಗಳನ್ನು ಆರಂಭಿಸಿದ್ದು ಅಲ್ಲಿಯೇ. ಹೊಸ ಭವನಗಳು ಎದ್ದ ಮೇಲೂ ಹಳೆಯದನ್ನು ಕೆಡವಲಿಲ್ಲ. ಹುತಾತ್ಮರ ಹೆಸರಿನಲ್ಲಿ ಉಳಿಸಿಕೊಂಡರು. ನನಗೆ ದೊಡ್ಡದಾಗಿ ತೋರುವುದು ಪಾಠ ಆರಂಭವಾದದ್ದಲ್ಲ, ಈ ಉಳಿಸಿಕೊಂಡದ್ದು. ಸುಣ್ಣ ಬಳಿದು ಹಳೆಯದನ್ನು ಮರೆಸುವುದು ಸುಲಭವಿತ್ತು.

ಪರದೇಶಗಳಲ್ಲಿಯೂ ಇದು ಹೊಸದಲ್ಲ. ಲಂಡನ್ನಿನ ಗ್ರೀನಿಚ್‌ನಲ್ಲಿ ನೌಕಾಪಡೆಯ ಕಾಲೇಜು 1998ರಲ್ಲಿ ತೆರವಾದ ಮೇಲೆ ವಿಶ್ವವಿದ್ಯಾಲಯ ಬಂದಿತು. ಕ್ಯಾಲಿಫೋರ್ನಿಯದ ಫೋರ್ಟ್ ಆರ್ಡ್ 1994ರಲ್ಲಿ ಮುಚ್ಚಿ ಮರುವರ್ಷವೇ ವಿದ್ಯಾರ್ಥಿಗಳನ್ನು ಕಂಡಿತು.

ಹೀಗೆ ಹೇಳಿದ ಮಾತ್ರಕ್ಕೆ ಬೀಗ ತೆಗೆದು ಬೆಂಚು ಹಾಕಿದರಾಯಿತು ಎಂದಲ್ಲ. ಮದ್ದಿನ ಮನೆಗೆ ಕಿಟಕಿಯಿರುವುದಿಲ್ಲ, ಓದುವವನಿಗೆ ಬೆಳಕು ಬೇಕು. ಗಾರೆಯ ಗೋಡೆ ಉಸಿರಾಡುತ್ತದೆ. ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಕಲ್ಲನ್ನೂ ಇಟ್ಟಿಗೆಯನ್ನೂ ತಿನ್ನುತ್ತದೆ. ಉದ್ದನೆಯ ಬ್ಯಾರಕ್ಕಿನಲ್ಲಿ ಆಜ್ಞೆ ಚೆನ್ನಾಗಿ ಕೇಳಿಸುತ್ತದೆ, ಪಾಠ ಮಾತ್ರ ಮಾರ್ದನಿಯಲ್ಲಿ ಕರಗಿಹೋಗುತ್ತದೆ. (ಕೆಲವು ಅಧ್ಯಾಪಕರು ಪಾಠವನ್ನೂ ಆಜ್ಞೆಯಂತೆಯೇ ಹೇಳುವುದುಂಟು, ಅವರಿಗೆ ತೊಂದರೆಯಾಗದು.) ಇವನ್ನೆಲ್ಲ ಬಲ್ಲ ಗೌಂಡಿಗಳೂ ತಾಳ್ಮೆಯುಳ್ಳ ಆಡಳಿತಗಾರರೂ ದೊರೆಯದಿದ್ದರೆ, ಹೊಸ ಕಟ್ಟಡವನ್ನೇ ಕಟ್ಟಿ ಹಳೆಯದನ್ನು ಅದರ ಪಾಡಿಗೆ ಬಿಡುವುದು ಲೇಸು.

ಬೀದರಿನಿಂದ ಹೊರಡುವ ಹೊತ್ತಿಗೆ, ಪ್ರಶ್ನೆ ಕೇಳಿದ ಆ ಹುಡುಗ ಕಾಣಲಿಲ್ಲ. ಹುಡುಕಿಕೊಂಡು ಹೋದರೆ, ಗವಾನನ ಮದರಸದ ಕೋಣೆಯೊಂದರಲ್ಲಿ ನೋಟುಪುಸ್ತಕ ಬಿಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದ. "ಇಲ್ಲಿ ಬೆಳಕು ಚೆನ್ನಾಗಿದೆ, ಸರ್" ಎಂದ. ಬಸ್ಸಿನವನು ಎರಡು ಸಲ ಹಾರ್ನು ಮಾಡಿದ. ಇನ್ನೈದು ನಿಮಿಷ ಕಾಯಲಿ ಎಂದುಕೊಂಡೆ.