ಹಿಡಿದ ಪಟ್ಟು ಬಿಡದ ಕ್ಲಚ್

ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಆಮೇಲೆ ಆ ಕಾರಿನ ಮೇಲೆ ಜನರ ಮೋಹ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮಲೆನಾಡಿನ ಕೊಟ್ಟಿಗೆಯಲ್ಲೋ ಕರಾವಳಿಯ ಶೆಡ್ಡಿನಲ್ಲೋ ಹಲವು ಮಳೆಗಾಲ ಕಳೆದ ಗಾಡಿಗೆ ಹೊಸ ಬ್ಯಾಟರಿ ಕೂರಿಸಿ, ಹೊಸ ಪೆಟ್ರೋಲು ಹಾಕಿದರೆ ಎಂಜಿನ್ ಕೆಮ್ಮುತ್ತಾ ಹೇಗೋ ಎದ್ದೀತು. ಫಜೀತಿ ಶುರುವಾಗುವುದು ಅಲ್ಲಿಂದ. ಕ್ಲಚ್ ಪೂರ್ತಿ ತುಳಿದರೂ ಗೇರ್ ಕರಕರ ಎನ್ನುತ್ತದೆ, ಬೀಳುವುದಿಲ್ಲ. ಎಂಜಿನ್ ಆರಿಸಿ, ಗೇರ್ ಹಾಕಿ, ಸೆಲ್ಫ್ ಹೊಡೆದರೆ ಕಾರೇ ಮುಂದಕ್ಕೆ ಜಿಗಿಯುತ್ತದೆ.

ಇದರ ಮೂಲ ಕ್ಲಚ್ಚಿನ ರಚನೆಯಲ್ಲೇ ಇದೆ. ಎಂಜಿನ್ನಿನ ಬೆನ್ನಿಗಿರುವ ಫ್ಲೈವೀಲ್, ಸ್ಪ್ರಿಂಗ್ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್ ಎರಡೂ ಎರಕದ ಕಬ್ಬಿಣದವು. ನಡುವೆ ಲೈನಿಂಗ್ ಹೊದ್ದ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಪೆಡಲ್ ತುಳಿದಾಗ ಈ ಪ್ಲೇಟು ಫ್ಲೈವೀಲಿನಿಂದ ಕಿತ್ತು ಬರುತ್ತದೆ ಎಂದುಕೊಂಡವರೇ ಹೆಚ್ಚು. ಹಾಗೇನಿಲ್ಲ. ಪೆಡಲ್ ಸರಿಸುವುದು ಪ್ರೆಷರ್ ಪ್ಲೇಟನ್ನು ಮಾತ್ರ. ಕ್ಲಚ್ ಪ್ಲೇಟನ್ನು ಹಿಂದಕ್ಕೆಳೆಯುವ ಕೈ ಅಲ್ಲಿ ಯಾವುದೂ ಇಲ್ಲ. ಒತ್ತಡ ತಪ್ಪಿದೊಡನೆ ಅದು ತಾನಾಗಿಯೇ ಕೂದಲೆಳೆಯಷ್ಟು ಸಡಿಲಗೊಳ್ಳಬೇಕು.

ಮಳೆಗಾಲದ ತೇವ ತಣ್ಣನೆಯ ಕಬ್ಬಿಣದ ಮೇಲೆ ಹನಿಗಟ್ಟುತ್ತದೆ. ಸೂಕ್ಷ್ಮ ರಂಧ್ರಗಳಿರುವ ಲೈನಿಂಗ್ ಅದನ್ನು ಹೀರಿ ಕಬ್ಬಿಣಕ್ಕೆ ತಾಗಿಸಿಟ್ಟುಕೊಳ್ಳುತ್ತದೆ. ಹುಟ್ಟುವ ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಲೈನಿಂಗಿನ ರಂಧ್ರಗಳೊಳಗೆ ಉಬ್ಬಿ, ಪಳಗದ ಕಾವಲಿಗೆ ದೋಸೆ ಹತ್ತಿದಂತೆ ಕಚ್ಚಿಕೊಳ್ಳುತ್ತದೆ.

ಗೇರ್ ಬೀಳದ್ದಕ್ಕೆಲ್ಲ ತುಕ್ಕೇ ಕಾರಣವಲ್ಲ ಎನ್ನುವುದೂ ನೆನಪಿರಲಿ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ಚಾದರೆ, ಅದರಲ್ಲಿರುವ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಸಿಲಿಂಡರಿನ ಒಳಮೈಯನ್ನೇ ತಿಂದುಹಾಕಿರಬಹುದು. ಒಬ್ಬರು ಪೆಡಲ್ ತುಳಿದಾಗ ಇನ್ನೊಬ್ಬರು ಕೆಳಗೆ ಬಗ್ಗಿ, ಗೇರ್ ಬಾಕ್ಸಿನ ಪಕ್ಕದ ರಾಡು ಸರಿಯುತ್ತದೆಯೇ ಎಂದು ನೋಡಬೇಕು. ರಾಡು ಸರಿದರೂ ಗೇರ್ ಬೀಳದಿದ್ದರೆ ತುಕ್ಕಿನ ಮೇಲೆ ಅನುಮಾನಪಡಬಹುದು.

ಬಿಡಿಸಲು ಮೊದಲು ಶಾಖ ಕೊಡಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಚೆನ್ನಾಗಿ ಬಿಸಿ ಮಾಡಿದರೆ ತೇವ ಆರುತ್ತದೆ, ಕಬ್ಬಿಣವೂ ಲೈನಿಂಗೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಆಮೇಲೆ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕು ಕ್ಲಚ್ಚು ಎರಡನ್ನೂ ತುಳಿದು, ಟಾಪ್ ಗೇರಿನಲ್ಲಿ ಒಂದು ಕ್ಷಣ ಸೆಲ್ಫ್ ಹೊಡೆಯುತ್ತಾರೆ. ಟಾಪ್ ಗೇರೇ ಯಾಕೆ? ನಾಲ್ಕು ಗೇರಿನ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಟಾಪ್‌ನ ಅನುಪಾತ ಒಂದಕ್ಕೊಂದು. ಮೊದಲ ಗೇರಿನದು ಮೂರಕ್ಕೂ ಹೆಚ್ಚು. ಮೊದಲ ಗೇರಿನಲ್ಲಿ ಎಂಜಿನ್ನಿನ ತಿರುಚುಬಲ ಹಿಗ್ಗಿ ಬ್ರೇಕನ್ನೇ ಸೋಲಿಸುತ್ತದೆ. ಟಾಪ್‌ನಲ್ಲಿ ಅದೇ ಬ್ರೇಕಿನ ಪ್ರತಿರೋಧ ಕ್ಲಚ್ ಪ್ಲೇಟಿಗೆ ಮೂರು ಪಟ್ಟಿಗೂ ಹೆಚ್ಚಾಗಿ ತಲುಪುತ್ತದೆ. ಏನೇ ಇರಲಿ, ಕಾರಿನ ಮುಂದೆ ಯಾರೂ ನಿಲ್ಲಬಾರದು.

ಜಗ್ಗದಿದ್ದರೆ ಪೆಡಲಿಗೂ ಸೀಟಿಗೂ ನಡುವೆ ಮರದ ತುಂಡು ಕೊಟ್ಟು ಇಡೀ ರಾತ್ರಿ ತುಳಿದ ಸ್ಥಿತಿಯಲ್ಲಿಟ್ಟು, ಬೆಳಗ್ಗೆ ಮತ್ತೆ ಯತ್ನಿಸುವ ಅಭ್ಯಾಸವೂ ಇದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಒಳಗೆ ಸಿಂಪಡಿಸುವುದು ಮಾತ್ರ ಶುದ್ಧ ಪೆದ್ದುತನ. ಅಂಟು ಬಿಟ್ಟರೂ ಎಣ್ಣೆ ಕುಡಿದ ಲೈನಿಂಗ್ ಮುಂದೆ ಜಾರುತ್ತಲೇ ಇರುತ್ತದೆ.

ಕಡೆಯ ದಾರಿ ಗೇರ್ ಬಾಕ್ಸ್ ಇಳಿಸುವುದು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ನಾರು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಆದ್ದರಿಂದ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ, ತಕ್ಕ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೆಲವು ಟ್ರ್ಯಾಕ್ಟರ್‌ಗಳಲ್ಲಿ ದೀರ್ಘಕಾಲ ನಿಲ್ಲಿಸುವಾಗ ಕ್ಲಚ್ ಪೆಡಲನ್ನು ಕೆಳಗೇ ಹಿಡಿದಿಡಲು ಕೊಕ್ಕೆ ಇರುತ್ತದೆ. ಕಾರಿಗೆ ಆ ಸೌಲಭ್ಯವಿಲ್ಲ. ನಿಂತಲ್ಲೇ ಎಂಜಿನ್ ಚಾಲೂ ಮಾಡಿ ಆರಿಸಿದರೆ ಕ್ಲಚ್ಚಿಗೇನೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಆಗಾಗ ಕ್ಲಚ್ ತುಳಿದು, ಗೇರ್ ಹಾಕಿ, ಅಂಗಳದಲ್ಲಾದರೂ ಒಂದು ಸುತ್ತು ಓಡಿಸಿ.